ಬೆಡ್‌ಶೀಟುಗಳ ಲೆಕ್ಕಕ್ಕೊಂದು ಸುಲಭ ಭಾಷೆ

ಹೊರಗೆ ಇನ್ನೂ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಣಗಿಸುವ ಯಂತ್ರ ಆಗಲೇ ಗುಡುಗುಡು ಸುತ್ತುತ್ತಿದೆ. ಬಟ್ಟೆ ಕೋಣೆಯ ಉಸ್ತುವಾರಿ ಬಿಸಿಯಾರದ ಬೆಡ್‌ಶೀಟುಗಳನ್ನು ಎದೆಗೊತ್ತಿ ಹಿಡಿದುಕೊಂಡೇ ಹಳೆಯ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಯಾವ ವಾರ್ಡಿಗೆ ಏನೇನು ಹೋಗಬೇಕೆಂದು ಪರದೆ ಹೇಳುತ್ತದೆ. ಮೇಲಿನ ನರ್ಸುಗಳ ಫೋನಿನಲ್ಲೂ ಅದೇ ಕಾಣುತ್ತದೆ. ಈ ಪ್ರೋಗ್ರಾಂ ಬರೆದವರು ಇವರೇ. ಎಲ್ಲರ ಬಾಯಲ್ಲಿ ಇವರು 'ಚಾದರ ಮೇಡಂ'.

ದಿನಕ್ಕೆ ಸುಮಾರು ಆರುನೂರು ಬೆಡ್‌ಶೀಟು. ಮೊದಲೆಲ್ಲ ಫೋನಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಸಂಜೆಯ ಕಂಪ್ಯೂಟರ್ ತರಗತಿಗೆ ಸೇರಿದ ಮೇಲೆ ಮೇಡಂ ಪ್ರೋಗ್ರಾಂ ಬರೆಯುವ ಒಂದೊಂದೇ ಸಾಧನ ಹಿಡಿದು ನೋಡಿದರು. ಒಂದು ಕಣ್ಣಿಗೆ ಬಲು ಚೆಂದ, ಆದರೆ ಹಳೆಯ ಕಂಪ್ಯೂಟರ್ ಅದನ್ನು ತೆರೆಯುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಇನ್ನೊಂದು ಎಲ್ಲ ಯಂತ್ರಗಳಲ್ಲೂ ಚುರುಕಾಗಿ ಓಡುತ್ತಿತ್ತು, ಆದರೆ ಸಣ್ಣ ತಿದ್ದುಪಡಿಗೂ ಪ್ರತಿ ಫೋನಿಗೆ ಹೊಸದಾಗಿ ಹಾಕಿಕೊಡಬೇಕಿತ್ತು. ಕೊನೆಗೆ ಕೈಹಿಡಿದದ್ದು, ಸಾಲು ಸಾಲಾಗಿ ಓದಿ ತಿದ್ದಬಹುದಾದ ಸುಲಭದ ಸ್ಕ್ರಿಪ್ಟಿಂಗ್ ಭಾಷೆ. ಪ್ರೋಗ್ರಾಂ ಕೆಳಗಿನ ಕಂಪ್ಯೂಟರಿನಲ್ಲೇ ಇರುತ್ತದೆ. ಫೋನಿನವರು ಬ್ರೌಸರಿನಲ್ಲಿ ತೆರೆದರಾಯಿತು.

"ಅಂದ, ವೇಗ ಎಲ್ಲ ಅವುಗಳದ್ದೇ ಹೆಚ್ಚು. ಸುಳ್ಳು ಯಾಕೆ ಹೇಳ್ಲಿ? ಆದ್ರೆ ನಾನಿಲ್ದಾಗ ಅಕ್ಕ ಕೈ ಹಾಕೋ ಹಾಗಿರ್ಬೇಕಲ್ಲ" ಎನ್ನುತ್ತಾರೆ.

ಅಕ್ಕ ಎಂದರೆ ಇಸ್ತ್ರಿ ಮಾಡುವಾಕೆ. ಮುಂದಿನ ವಾರ ತಾಯಿಯ ಮಂಡಿ ಆಪರೇಷನ್ನಿಗೆಂದು ಮೇಡಂ ರಜೆ. ಬೇರೆಯವರಿಗೆ ಪ್ರೋಗ್ರಾಂ ನಿಭಾಯಿಸಲು ಬಾರದಿದ್ದರೆ ಹಳೆಯ ಪದ್ಧತಿಗೇ ಮರಳಿ ಎಂದಿದೆ ಆಫೀಸು. ಹಾಗಾಗಿ ಮಕ್ಕಳ ಹೊಸ ವಾರ್ಡನ್ನು ನಿನ್ನೆ ಅಕ್ಕನೇ ಪ್ರೋಗ್ರಾಮಿಗೆ ಸೇರಿಸಿದ್ದಾರೆ.

ಫೋನು ಬಡಿದುಕೊಳ್ಳುತ್ತದೆ. ಮಕ್ಕಳ ವಾರ್ಡಿನ ನರ್ಸು.

"ಏನ್ರೀ, ಕೂಸುಗಳಿಗೆ ಡೇರೆ ಹೊಡೀಬೇಕಾ? ತೊಟ್ಟಿಲಿಗೆ ಇಷ್ಟುದ್ದ ಬೆಡ್‌ಶೀಟು!"

ಗಂಡಸರ ವಾರ್ಡಿನ ಸಾಲನ್ನೇ ನಕಲು ಮಾಡಿದ ಅಕ್ಕ, ಹೆಸರು ಬದಲಿಸಿ ಅಳತೆ ಮರೆತಿದ್ದಾರೆ. ಮೇಡಂ ಕೈ ಕೀಬೋರ್ಡಿನತ್ತ ಹೋಗಿ, ತಡೆದು, ಏಪ್ರನ್ ಜೇಬಿಗೆ ಇಳಿಯುತ್ತದೆ.

"ಸುಮ್ನಿರಿ ಮೇಡಂ, ಉಸಿರು ಬಿಡಿ. ಬಟ್ಟೆ ಸುಟ್ಟಾಗ ನಿಮ್ಮನ್ನ ಕರೀತೀನಾ?" ಎನ್ನುತ್ತ ಅಕ್ಕ ಕನ್ನಡಕ ಏರಿಸುತ್ತಾರೆ. ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ. 'ದೊಡ್ಡದು' ಅಳಿಸಿ 'ಚಿಕ್ಕದು' ಬರೆಯುತ್ತಾರೆ. ಪರದೆ ಬದಲಾಗುತ್ತದೆ. ಮೇಲಿನಿಂದ ನರ್ಸು, "ಹಾಂ, ನನ್ನ ಫೋನಲ್ಲೂ ಬಂತು" ಎನ್ನುತ್ತಾರೆ.

"ಮುಂದಿನ ವಾರ ನಿಶ್ಚಿಂತೆಯಾಗಿ ಅಮ್ಮನ ಹತ್ರ ಹೋಗ್ಬನ್ನಿ. ಪದೇ ಪದೇ ಫೋನ್ ಮಾಡಿ ನನ್ ತಲೆ ತಿನ್ಬೇಡಿ!" ಎನ್ನುತ್ತಾರೆ ಅಕ್ಕ.

ಮೇಡಂ ನಗುತ್ತಾರೆ.

"ಬರ್ದಿದ್ದು ನಾನೇ. ಆದ್ರೆ ಇವತ್ತು ಅದಕ್ಕೆ ನಾನು ಬೇಕಾಗ್ಲೇ ಇಲ್ಲ ನೋಡಿ. ನಂಗಷ್ಟು ಸಾಕು."