ಗುಡ್ಡವ್ವನ ರೊಟ್ಟಿ ಲೆಕ್ಕ

ಭಾಗ್ಯಶ್ರೀ ಗುಡ್ಡವ್ವನನ್ನು ಮೊದಲು ಕಂಡದ್ದು ವಿದ್ಯಾನಗರದ ಒಂದು ಆಸ್ಪತ್ರೆಯಲ್ಲಿ. ಬೆನ್ನಿಗೆ ಸಣ್ಣ ತೂತು ಕೊರೆದು ಮಾಡುವ ದುರ್ಬೀನಿನ ಆಪರೇಷನ್ ಆಗಿ ಆರು ವಾರ ಕಳೆದಿದ್ದ ಆಕೆ, ಮೂರು ಕುರ್ಚಿ ಖಾಲಿ ಇದ್ದರೂ ಗೋಡೆಗೆ ಆತು ನಿಂತಿದ್ದಳು. ರೋಗಿಗಳ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಕೇಳಿ ಬರೆದುಕೊಳ್ಳುವುದು ಭಾಗ್ಯಶ್ರೀಯ ಕೆಲಸ. ಗಂಡಸರು ಕೇಳುವ ಮೊದಲೇ "ಎಂಟ ಬರೀರಿ, ಇನ್ನೊಂದ ತಿಂಗಳ ಸೂಟಿ ಬೇಕು" ಅನ್ನುತ್ತಿದ್ದರು. ಗುಡ್ಡವ್ವ ಮಾತ್ರ ಪ್ರತಿ ಸಲವೂ "ಒಂದ ಬರಿ ತಂಗಿ, ಆರಾಮ ಅದೇನಿ" ಎನ್ನುವಳು. ಕೆಮ್ಮಿದರೆ ಕಣ್ಣಲ್ಲಿ ನೀರು ಬಂದರೂ ಒಂದೇ, ಚಪ್ಪಲಿ ಮೆಟ್ಟಲು ಸೊಸೆಯ ಹೆಗಲು ಹಿಡಿದರೂ ಒಂದೇ. ಭೂಮಿ ನಡುಗಿದರೂ ಆಕೆಯ ಅಂಕಿ ಅಲುಗುತ್ತಿರಲಿಲ್ಲ. ಇನ್ನೊಮ್ಮೆ ಒಂದು ಎಂದರೆ, ನೋವು ಪೂರ್ತಿ ವಾಸಿಯಾಯಿತೆಂದು ಡಾಕ್ಟರು ವ್ಯಾಯಾಮದ ಚಿಕಿತ್ಸೆ ನಿಲ್ಲಿಸುವವರಿದ್ದರು. ಹಳ್ಳಿಯಲ್ಲಿ ತಾಯಿ ರೊಟ್ಟಿ ಬಡಿಯುವುದನ್ನು ನೋಡುತ್ತ ಬೆಳೆದ ಭಾಗ್ಯಶ್ರೀ ಆ ದಿನ ಅಂಕಿ ಕೇಳಲಿಲ್ಲ. "ಅವ್ವಾ, ಒಮ್ಮೆ ಕುಂತ್ರ ಎಷ್ಟ ರೊಟ್ಟಿ ಬಡೀತೀರಿ?" "ಮೊದಲ ಐವತ್ತ!" ಎಂದು ಗುಡ್ಡವ್ವ ಎದೆಯುಬ್ಬಿಸಿದಳು; ಆಮೇಲೆ ದನಿ ತಗ್ಗಿತು: "ಈಗ ನಾಕ ರೊಟ್ಟಿ ಬಡಿಯೂದ್ರಾಗ ಎದ್ದ ನಿಲ್ಲಬೇಕಾಗತೈತಿ. ರೊಟ್ಟಿ ಲೆಕ್ಕದಾಗ ಸುಳ್ಳ ಹೇಳಾಕ ಬರಂಗಿಲ್ಲ ನೋಡು." ಭಾಗ್ಯಶ್ರೀ ಅದನ್ನೇ ಬರೆದಳು, ಚಿಕಿತ್ಸೆ ಮುಂದುವರಿಯಿತು. ಈಗ ಗುಡ್ಡವ್ವ ಉಣಕಲ್ಲಿನ ಒಂದು ಖಾನಾವಳಿಯಲ್ಲಿ ಎತ್ತರದ ಕಟ್ಟೆಯ ಮುಂದೆ ನಿಂತು ದಿನಕ್ಕೆ ಅರವತ್ತು ರೊಟ್ಟಿ ಬಡಿಯುತ್ತಾಳೆ.