ಬೀಸುವ ಕಲ್ಲಿನ ಮುಂದೆ ಅಜ್ಜಿಯನ್ನು ಕೂರಿಸಿದ್ದು

ದೊಡ್ಡಗಾಜನೂರಿನ ಮಿಲ್ಲಿನಿಂದ ಇವತ್ತು ರಾಗಿ ಹಿಟ್ಟು ತಂದೆ. ಚೀಲ ಇನ್ನೂ ಬಿಸಿಯಾಗಿತ್ತು. ಆ ವಾಸನೆಗೆ ನಮ್ಮ ಹಳೇ ಮನೆಯ ಬೀಸುವ ಕಲ್ಲು ಕಣ್ಣ ಮುಂದೆ ಬಂತು.

ಆ ಕಲ್ಲಿನ ಬಗ್ಗೆ ನಾನೊಂದು ಕತೆ ಬರೆದಿದ್ದೇನೆ. ಅದರಲ್ಲಿ ಅಜ್ಜಿ ಹಾಡು ಹೇಳುತ್ತ ರಾಗಿ ಬೀಸುತ್ತಾಳೆ, ಮೊಮ್ಮಗು ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತದೆ. ಇದೇ ಪುಟದಲ್ಲಿ ಹಾಕಿದಾಗ ನೀವೆಲ್ಲ ಓದಿ, ನಮ್ಮಜ್ಜಿಯೂ ಹೀಗೇ ಇದ್ದರು, ಕಣ್ಣು ತುಂಬಿ ಬಂತು ಎಂದು ಬರೆದಿರಿ.

ನಿಜಕ್ಕೂ ನಮ್ಮಜ್ಜಿ ಆ ಕಲ್ಲು ಮುಟ್ಟಿದ್ದನ್ನು ನಾನು ಕಂಡೇ ಇಲ್ಲ. ಅವಳು ಕಂಬಕ್ಕೆ ಒರಗಿ, ಎಲೆಅಡಿಕೆ ಜಗಿಯುತ್ತ, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, "ತರಿ ಅದೆ, ಇನ್ನೊಂದ್ಸಲ ಬೀಸು" ಅನ್ನುತ್ತಿದ್ದಳು. ಬೀಸುತ್ತಿದ್ದವಳು ನಮ್ಮವ್ವ. ಅಂಗೈಯ ಬೊಬ್ಬೆಗೆ ಹಳೇ ಸೀರೆಯ ಚೂರು ಸುತ್ತಿಕೊಂಡು, ತುಟಿ ಬಿಚ್ಚದೆ ಬೀಸುತ್ತಿದ್ದಳು. ಹಾಡುವ ಅಜ್ಜಿ ಇದ್ದರೆ ಕತೆ ಚೆಂದ ಅಂತ ಅವ್ವನನ್ನು ಅಲ್ಲಿಂದ ಎಬ್ಬಿಸಿದವಳು ನಾನೇ.

ಅವ್ವನಿಗೆ ಓದು ಬಾರದು. ಇವತ್ತು ಹಿಟ್ಟಿನ ಚೀಲ ಹಿಡಿದು ಮನೆಗೆ ಬಂದರೆ ಜಗಲಿಯಲ್ಲಿ ನನ್ನ ಮಗಳು ಮೊಬೈಲು ಹಿಡಿದು ಅದೇ ಕತೆಯನ್ನು ಅವಳಿಗೆ ಓದಿ ಹೇಳುತ್ತಿದ್ದಳು.

"ಊ ಕಣವ್ವ, ನಮ್ಮತ್ತೆ ಚೆಂದಾಗಿ ಪದ ಏಳೋರು" ಎಂದು ಅವ್ವ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಆಗ ನೀನೆಲ್ಲಿದ್ದೆ ಅಜ್ಜಿ?" ಎಂದಳು ಮಗಳು.



"ಒಲಕ್ಕೋಗಿದ್ನೇನೋ. ಕತೇಲಿ ಇಲ್ವಲ್ಲ" ಎನ್ನುತ್ತ ಅವ್ವ ನನ್ನ ಕೈಯಿಂದ ಚೀಲ ಇಸಿದುಕೊಳ್ಳಲು ಕೈ ಚಾಚಿದಳು.

ಆ ಅಂಗೈಯನ್ನು ನೋಡಲಾರದೆ ಚೀಲವನ್ನು ನಾನೇ ಒಳಗೆ ಒಯ್ದೆ.