ಐದನೆಯ ಸೀಸದ ಚೂರು

ಬೆಳಗಿನ ಐದೂವರೆ. ಕ್ಯಾಸ್ಪಿಯನ್ ಕಡಲ ಗಾಳಿ ಮುಖಕ್ಕೆ ಉಪ್ಪು ಎರಚುತ್ತಿದೆ. ಮುಚ್ಚಿಹೋದ ಅಣು ವಿದ್ಯುತ್ ಸ್ಥಾವರದ ಬೇಲಿಗುಂಟ ನಲವತ್ತಾರರ ಬಾಲ್ಜಾನ್ ನಡೆಯುತ್ತಾಳೆ, ಕೈಯಲ್ಲಿ ವಿಕಿರಣ ಅಳೆಯುವ ಪೆಟ್ಟಿಗೆ. ನಲವತ್ತೊಂದು ಕಂಬ. ಪ್ರತಿ ಕಂಬದ ಬುಡದಲ್ಲೂ ಒಂದು ನಿಮಿಷ ನಿಂತು ಅಂಕಿ ಬರೆದುಕೊಳ್ಳುತ್ತಾಳೆ. ಸೊನ್ನೆ ಪಾಯಿಂಟ್ ಒಂದು ಎರಡು. ಹನ್ನೊಂದು ವರ್ಷದಿಂದ ಹೆಚ್ಚುಕಡಿಮೆ ಅದೇ.

ಸ್ಥಾವರ ನಡೆಯುತ್ತಿದ್ದಾಗ ಸುತ್ತಲ ಮರುಭೂಮಿಯ ಊರುಗಳಿಗೆಲ್ಲ ಬೆಳಕು ಕೊಡುತ್ತಿತ್ತು, ಕಡಲ ನೀರನ್ನು ಕುಡಿಯುವ ನೀರಾಗಿಸುತ್ತಿತ್ತು. ಈಗ ದೂರದಿಂದ ಬರುವ ವಿದ್ಯುತ್ತು ಬಿರುಗಾಳಿ ಎದ್ದರೆ ಹೋಗುತ್ತದೆ. ಹೊಸ ಸ್ಥಾವರ ಬರಲಿ ಎನ್ನುವವರಲ್ಲಿ ಬಾಲ್ಜಾನ್ ಕೂಡ ಒಬ್ಬಳು. "ಬೆಳಕು ಬೇಕಪ್ಪ. ಆದ್ರೆ ಒಲೆ ಆರಿದ ಮೇಲೆ ಬೂದಿ ಯಾರ ಮನೆಗೆ ಹೋಯ್ತು ಅಂತ ಯಾರಾದ್ರೂ ನೋಡ್ಬೇಕಲ್ಲ."

ಹೋದ ವಸಂತದಲ್ಲಿ ನಡೆದದ್ದನ್ನು ಅವಳೇ ಹೇಳುತ್ತಾಳೆ.

ಅಂದು ಕೆಲಸ ಮುಗಿಸಿ ನೆರೆಮನೆಯ ಉಲ್ಬಿಕೆ ಅಜ್ಜಿಯ ಮನೆಗೆ ಚಹಾಕ್ಕೆ ಹೋಗಿದ್ದಳು. ಅಜ್ಜಿ ಬೆಚ್ಚಿದ ಮಕ್ಕಳಿಗೆ ಸೀಸ ಎರೆಯುವವಳು. ಮಗುವಿನ ತಲೆಯ ಮೇಲೆ ನೀರಿನ ಬೋಗುಣಿ ಹಿಡಿದು ಅದಕ್ಕೆ ಕರಗಿದ ಸೀಸ ಸುರಿದರೆ ಭಯವೇ ಗಟ್ಟಿಯಾಗಿ ಹೊರಬೀಳುತ್ತದೆಂದು ಕಝಾಕ್ ಮನೆಗಳ ನಂಬಿಕೆ. ನಾಯಿಗೆ ಹೆದರಿದ ಮೊಮ್ಮಗಳು ಕೂತಿದ್ದಳು, ಸೌಟಿನಲ್ಲಿ ಸೀಸ ಕರಗುತ್ತಿತ್ತು. ಬಾಲ್ಜಾನಳ ಚೀಲದೊಳಗಿನ ಪೆಟ್ಟಿಗೆ ಕಿರುಚತೊಡಗಿತು.

"ನಿನ್ನ ಪೆಟ್ಟಿಗೆಗೂ ದಿಗಿಲು ಹಿಡಿದಿದೆ ಕಣೇ. ತಾ, ಅದಕ್ಕೂ ಎರೀತೀನಿ," ಎಂದು ಅಜ್ಜಿ ನಕ್ಕಳು.

"ಸೌಟು ಕೆಳಗಿಡು ಅಜ್ಜೀ! ಎಲ್ಲೀದು ಈ ಸೀಸ?"

"ಸ್ಥಾವರದ್ದು. ನಮ್ಮ ಮುದುಕ ತಂದಿಟ್ಟು ಸತ್ತ, ಪುಣ್ಯಾತ್ಮ. ಪೇಟೆ ಕಲಬೆರಕೆ ಅಲ್ಲ, ಅಪ್ಪಟ ಸರ್ಕಾರಿ ಮಾಲು. ನಿನ್ನ ಮಗನಿಗೂ ಮೂರು ಸಲ ಎರೆದಿದ್ದೀನಲ್ಲೇ!"

ಪೆಟ್ಟಿಗೆ ಹದಿನಾಲ್ಕು ತೋರಿಸುತ್ತಿತ್ತು, ಬೇಲಿಯ ಅಂಕಿಯ ನೂರು ಪಟ್ಟಿಗೂ ಮಿಕ್ಕಿ. ವಿಕಿರಣ ತಡೆಯುವ ಗೋಡೆಯಲ್ಲಿದ್ದ ಸೀಸದ ಇಟ್ಟಿಗೆ ಅದು. ಒಳಗಿನ ವಿಕಿರಣದ ಕೊಳೆ ಅದರ ಮೈಗೆ ಅಂಟಿತ್ತು.

"ಹನ್ನೊಂದು ವರ್ಷ ಬೇಲಿ ಪಕ್ಕ ಹುಡುಕಿದೆ. ಅದು ನನ್ನ ಮಗನ ತಲೆ ಮೇಲಿತ್ತು," ಎನ್ನುತ್ತಾಳೆ.

ಮಕ್ಕಳನ್ನು ಪರೀಕ್ಷಿಸಿದ ವೈದ್ಯರು ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ ಎಂದಿದ್ದಾರೆ. ಆದರೆ ಅಜ್ಜಿ ಇಟ್ಟಿಗೆಯನ್ನು ಐದು ಚೂರು ಮಾಡಿ, ಒಂದನ್ನು ತಾನಿಟ್ಟುಕೊಂಡು ಉಳಿದವನ್ನು ಸೀಸ ಎರೆಯುವ ಬೇರೆ ಹೆಂಗಸರಿಗೆ ಹಂಚಿದ್ದಳು. ಅವಳದೂ ಸೇರಿ ನಾಲ್ಕು ಸಿಕ್ಕಿವೆ. ಐದನೆಯದು ಯಾರಿಗೆ ಹೋಯಿತೆಂದು ಅಜ್ಜಿಗೆ ನೆನಪಿಲ್ಲ. ಹಾಗಾಗಿ ಕೆಲಸ ಮುಗಿದ ಮೇಲೆ, ಯಾರೂ ಹೇಳದಿದ್ದರೂ, ಬಾಲ್ಜಾನ್ ಪೆಟ್ಟಿಗೆ ಹಿಡಿದು ದಿನಕ್ಕೆ ಆರು ಮನೆಯ ಮೆಟ್ಟಿಲು ಹತ್ತುತ್ತಾಳೆ. ಇದುವರೆಗೆ ಒಂಬೈನೂರು ದಾಟಿದೆ. ಕೆಲವರು ಮುಖಕ್ಕೆ ಬಾಗಿಲು ಹಾಕುತ್ತಾರೆ. ಅವಳು ಮರುದಿನ ಮತ್ತೆ ಹೋಗುತ್ತಾಳೆ.

"ಅದು ಸಿಕ್ಕಿದ ಮಾರನೇ ದಿನ ರಜಾ ಹಾಕ್ತೀನಿ," ಎನ್ನುತ್ತಾಳೆ, ಮುಂದಿನ ಬಾಗಿಲು ತಟ್ಟುತ್ತ. "ಬಿಸಿಲು ಬರೋವರೆಗೂ ನಿದ್ದೆ ಮಾಡ್ತೀನಿ. ಇನ್ನೇನು ಬೇಡ."